ಮತ್ತಿ, ಗೇರು, ಸುರಗಿ: ಮಲೆಯ ಮರಗಳಿಗೆ ಎರಡೆರಡು ಹೆಸರು

ಹಾಸನ ಜಿಲ್ಲೆಯ ಪಶ್ಚಿಮ ಅಂಚಿನಲ್ಲಿ ಘಟ್ಟದ ನೆತ್ತಿಯ ಮೇಲೆ ಸಕಲೇಶಪುರ ತಾಲ್ಲೂಕು ಇದೆ. ಅದರ ಪೂರ್ವಕ್ಕೆ, ಬಯಲು ಸೀಮೆಯತ್ತ ಮುಖ ಮಾಡಿಕೊಂಡು ಆಲೂರು ಇದೆ. ಬಿಸಿಲೆಯ ಸುತ್ತ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡು. ಅಲ್ಲಿಂದ ಇಳಿಯುತ್ತ ಬಂದಂತೆ ಕಾಫಿ, ಏಲಕ್ಕಿ ತೋಟಗಳು. ಹೇಮಾವತಿಯ ಬಯಲಿಗೆ ಬಂದರೆ ಬೇಸಿಗೆಯಲ್ಲಿ ಎಲೆಯುದುರಿಸುವ ಮತ್ತಿ, ಹೊನ್ನೆಗಳು. ಇಷ್ಟು ಕಿರಿದಾದ ಪಟ್ಟಿಯಲ್ಲಿ ಇಷ್ಟೊಂದು ಬಗೆಯ ಮರಗಿಡಗಳು ಸಿಗುವ ಪ್ರದೇಶಗಳು ನಾಡಿನಲ್ಲಿ ಹೆಚ್ಚಿಲ್ಲ. ಇವುಗಳಲ್ಲಿ ಬಹುಪಾಲು ಮರಗಳಿಗೆ ಎರಡೆರಡು ಹೆಸರುಗಳುಂಟು. ಒಂದು ಊರಿನವರ ಬಾಯಲ್ಲಿರುವುದು, ಇನ್ನೊಂದು ಪುಸ್ತಕದಲ್ಲಿರುವುದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮರವನ್ನು ಯಾರು, ಹೇಗೆ ನೋಡಿದರು ಎಂಬ ಕಥೆಯೇ ತೆರೆದುಕೊಳ್ಳುತ್ತದೆ.

ಸಸ್ಯಶಾಸ್ತ್ರದ ಇಂದಿನ ಹೆಸರಿಡುವ ಪದ್ಧತಿಗೆ ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥವೇ ಬುನಾದಿ. ಪ್ರತಿ ಸಸ್ಯಕ್ಕೂ ಎರಡು ಪದಗಳ ಹೆಸರು. ಮೊದಲನೆಯದು ಕುಲವನ್ನೂ ಎರಡನೆಯದು ಆ ಕುಲದೊಳಗಿನ ಪ್ರಭೇದವನ್ನೂ ಸೂಚಿಸುತ್ತದೆ. ಭಾಷೆ ಲ್ಯಾಟಿನ್ ಆದರೂ ಪದಗಳು ಗ್ರೀಕ್, ಅರಬ್ಬಿ, ಸಂಸ್ಕೃತ, ಮಲಯಾಳಂ ಎಲ್ಲಿಂದಲಾದರೂ ಬರಬಹುದು. ಒಂದು ಮರಕ್ಕೆ ಜಗತ್ತಿನಾದ್ಯಂತ ಒಂದೇ ಹೆಸರು ಇರಬೇಕು ಎಂಬುದು ಇದರ ಉದ್ದೇಶ.

ಆದರೆ ಎರಡು ಪದಗಳಲ್ಲಿ ಹೆಸರಿಡುವುದು ಮಲೆನಾಡಿನವರಿಗೆ ಹೊಸದೇನಲ್ಲ. ಮತ್ತಿಯನ್ನೇ ತೆಗೆದುಕೊಳ್ಳಿ. ತೊಗಟೆ ಕಪ್ಪಾಗಿ ಬಿರುಕು ಬಿಟ್ಟಿದ್ದರೆ ಕರಿಮತ್ತಿ. ತೊಗಟೆ ಬೆಳ್ಳಗೆ ನುಣುಪಾಗಿದ್ದರೆ ಬಿಳಿಮತ್ತಿ. ಬಿಳಿಮತ್ತಿ ಹೊಳೆಯ ದಡದಲ್ಲಿ ಬೆಳೆಯುವುದರಿಂದ ಅದನ್ನು ಹೊಳೆಮತ್ತಿ ಎಂದೂ ಕರೆಯುವುದುಂಟು. ಇಲ್ಲಿ ಮತ್ತಿ ಎಂಬುದು ಕುಲ, ಕರಿ-ಬಿಳಿ ಎಂಬುದು ಪ್ರಭೇದ. ಪದಗಳ ಕ್ರಮ ಮಾತ್ರ ಲ್ಯಾಟಿನ್ನಿಗೆ ತಿರುಗುಮುರುಗು. ಸಸ್ಯಶಾಸ್ತ್ರವೂ ಇವೆರಡನ್ನು ಒಂದೇ ಕುಲದಲ್ಲಿ ಇಟ್ಟಿದೆ. ಅದರ ಹೆಸರು ಟರ್ಮಿನೇಲಿಯಾ, ಎಂದರೆ ಎಲೆಗಳು ರೆಂಬೆಯ ತುದಿಯಲ್ಲಿ ಗುಂಪಾಗಿರುವಂಥದು. ಕರಿಮತ್ತಿ ಟರ್ಮಿನೇಲಿಯಾ ಎಲಿಪ್ಟಿಕಾ. ಬಿಳಿಮತ್ತಿ ಟರ್ಮಿನೇಲಿಯಾ ಅರ್ಜುನ. ಸಂಸ್ಕೃತದಲ್ಲಿ ಅರ್ಜುನ ಎಂದರೆ ಬಿಳಿ. ಹೀಗಾಗಿ ಹಳ್ಳಿಯ ಬಿಳಿಮತ್ತಿಯೂ ಪುಸ್ತಕದ ಅರ್ಜುನವೂ ಹೇಳುವ ಮಾತು ಒಂದೇ. ಇದೇ ಕುಲದ ಅಳಲೆಕಾಯಿ ಮರ ಟರ್ಮಿನೇಲಿಯಾ ಚೆಬ್ಯುಲಾ. ಈ ಚೆಬ್ಯುಲಾ ಕಾಬೂಲ್ ಪಟ್ಟಣದ ಹೆಸರಿನ ರೂಪಾಂತರ.

ಹಲಸಿನ ವಿಷಯದಲ್ಲಿಯೂ ಹೀಗೆಯೇ. ಕಾಡಿನಲ್ಲಿ ಮುಗಿಲಿಗೆ ಬೆಳೆಯುವ ಸೋದರ ಮರವನ್ನು ಹೆಬ್ಬಲಸು ಎನ್ನುತ್ತಾರೆ. ಹಣ್ಣು ಚಿಕ್ಕದು, ಹಿರಿದಾಗಿರುವುದು ಮರ. ಎರಡೂ ಆರ್ಟೋಕಾರ್ಪಸ್ ಕುಲದವು. ಗ್ರೀಕಿನಲ್ಲಿ ಇದರರ್ಥ 'ರೊಟ್ಟಿಹಣ್ಣು'. ಹೆಬ್ಬಲಸಿನ ಪ್ರಭೇದನಾಮ ಹಿರ್ಸೂಟಸ್, ಅಂದರೆ ರೋಮವುಳ್ಳದ್ದು. ಹಳ್ಳಿಯವನು ಮರದ ಗಾತ್ರವನ್ನು ನೋಡಿದ. ಶಾಸ್ತ್ರಜ್ಞ ಮಸೂರ ಹಿಡಿದು ರೋಮವನ್ನು ನೋಡಿದ. ಇನ್ನು ಕೀಳೆನಿಸಿದ ಗಿಡಕ್ಕೆ ಕನ್ನಡದಲ್ಲಿ ನಾಯಿಯ ಹೆಸರನ್ನು ಅಂಟಿಸುವುದು ವಾಡಿಕೆ: ನಾಯಿನೇರಳೆ, ನಾಯಿತುಳಸಿ, ನಾಯಿಸಾಸಿವೆ. ಯುರೋಪಿನವರೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಅಲ್ಲಿನ ಒಂದು ಕಾಡುಗುಲಾಬಿಯ ಶಾಸ್ತ್ರೀಯ ಹೆಸರು ರೋಸಾ ಕೆನೈನಾ, ಅಂದರೆ ನಾಯಿಗುಲಾಬಿ.

<b>ಕಣ್ಣಿಗೆ ಕಂಡದ್ದು, ಕೈಗೆ ತಾಗಿದ್ದು</b>

ಹೊನ್ನೆಯ ಹೆಸರು ಕೇಳಿದೊಡನೆ ಹೊನ್ನು ನೆನಪಾಗುತ್ತದೆ. ಅದರ ಹೂವೂ ಹೊಂಬಣ್ಣದ್ದೇ. ಪುಸ್ತಕದಲ್ಲಿ ಅದು ಟೆರೊಕಾರ್ಪಸ್ ಮಾರ್ಸೂಪಿಯಂ. ಟೆರೊಕಾರ್ಪಸ್ ಎಂದರೆ ರೆಕ್ಕೆಯುಳ್ಳ ಕಾಯಿ, ಮಾರ್ಸೂಪಿಯಂ ಎಂದರೆ ಹಣದ ಚೀಲ. ಸುತ್ತಲೂ ತೆಳ್ಳನೆಯ ಅಂಚು, ನಡುವೆ ಉಬ್ಬು ಇರುವ ಅದರ ಕಾಯನ್ನು ಕಂಡವರಿಗೆ ಈ ಹೆಸರು ಸರಿಯೆನಿಸುತ್ತದೆ. ಮಲೆನಾಡಿನ ಬಗನಿ ಮರ ಕ್ಯಾರಿಯೋಟ ಯುರೆನ್ಸ್. ಯುರೆನ್ಸ್ ಎಂದರೆ ಉರಿಸುವಂಥದು. ಬಗನಿಯ ಹಣ್ಣನ್ನು ಮುಟ್ಟಿ ಕೈ ತುರಿಸಿಕೊಂಡವರಿಗೆ ಇದರ ವಿವರಣೆ ಬೇಕಿಲ್ಲ. ಅಂಟುವಾಳದ ಕುಲನಾಮ ಸಪಿಂಡಸ್. 'ಇಂಡಿಯಾದ ಸೋಪು' ಎಂಬ ಲ್ಯಾಟಿನ್ ಪದಗಳನ್ನು ಕೂಡಿಸಿ ಮಾಡಿದ ಹೆಸರದು. ಬಿಸಿಲೆಯಂಥ ಕಾಡುಗಳಲ್ಲಿ ಸಿಗುವ, ಕೊಡಲಿಗೆ ಸುಲಭವಾಗಿ ಬಗ್ಗದ ಬಲಗಿ ಮರಕ್ಕೆ ಪೊಯೆಸಿಲೋನ್ಯೂರಾನ್ ಇಂಡಿಕಂ ಎಂದು ಹೆಸರು. ಎಲೆಯ ನರಗಳ ಚಿತ್ತಾರವನ್ನು ಕುರಿತ ಹೆಸರಿದು.

ಮರದಲ್ಲಿ ಏನೂ ನೋಡದೆ ಕೊಟ್ಟ ಹೆಸರುಗಳೂ ಉಂಟು. ನಂದಿ ಮರದ ಕುಲನಾಮ ಲ್ಯಾಗರ್‌ಸ್ಟ್ರೀಮಿಯಾ. ಸ್ವೀಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಲ್ಯಾಗರ್‌ಸ್ಟ್ರಾಂ, ಪೂರ್ವದೇಶದ ಸಸ್ಯಗಳನ್ನು ತರಿಸಿಕೊಟ್ಟದ್ದಕ್ಕೆ ಗೆಳೆಯ ಲಿನೇಯಸ್ ಸಲ್ಲಿಸಿದ ಗೌರವವದು. ಬೀಟೆಯ ಕುಲನಾಮ ಡಾಲ್ಬರ್ಜಿಯಾದಲ್ಲಿ ಡಾಲ್ಬರ್ಗ್ ಎಂಬ ಸ್ವೀಡನ್ನಿನ ವೈದ್ಯನ ಹೆಸರಿದೆ. ಅಗಲ ಎಲೆಯುಳ್ಳದ್ದು ಎಂಬ ಅರ್ಥದ ಲ್ಯಾಟಿಫೋಲಿಯಾ ಮಾತ್ರ ಮರವನ್ನು ನೋಡಿ ಇಟ್ಟದ್ದು. ಉಪ್ಪಾಗೆಯ ಗಾರ್ಸೀನಿಯಾ, ಸಸ್ಯಪ್ರಿಯ ವೈದ್ಯ ಲಾರೆಂಟ್ ಗಾರ್ಸಿನ್ನನ ನೆನಪು. ನಾಗಸಂಪಿಗೆಯ ಮೆಸುವಾ ಫೆರಿಯಾದಲ್ಲಿ ಬಾಗ್ದಾದಿನ ಹಳೆಯ ವೈದ್ಯ ಇಬ್ನ್ ಮಾಸವೈಹ್ ಇದ್ದಾನೆ. ಜೊತೆಗೆ ಕಬ್ಬಿಣ ಎಂಬ ಅರ್ಥದ ಫೆರಿಯಾ ಇದೆ. ಆ ಮರದ ಗಡಸುತನ ತಿಳಿದವರು ಕಬ್ಬಿಣ ಎಂಬ ಮಾತನ್ನು ಒಪ್ಪುತ್ತಾರೆ.

<b>ಲ್ಯಾಟಿನ್ನಿಗೆ ಹೋದ ಕನ್ನಡ</b>

ಕೊಡುವ ಕೈ ಯಾವಾಗಲೂ ಯುರೋಪಿನದೇ ಆಗಿರಲಿಲ್ಲ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಪ್ರಾಂತ್ಯಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಜನರ ಬಾಯಿಂದ ಮರಗಳ ಹೆಸರು ಕೇಳಿ ಬರೆದುಕೊಂಡ. ಒಣಗಿದ ಮೇಲೂ ಪರಿಮಳ ಬಿಡದ ಸುರಗಿ ಹೂವಿನ ಮರ ಇಂದಿಗೂ ಶಾಸ್ತ್ರದಲ್ಲಿ ಮಮ್ಮಿಯಾ ಸುರಿಗ. ಹೊಳಗೇರು ಎಂಬ ಕಾಡುಮರದ ಹೆಸರು ಒಂದು ಇಡೀ ಕುಲಕ್ಕೇ ಹೆಸರಾಗಿ ಹೋಲಿಗಾರ್ನ ಆಯಿತು. ಏಲಕ್ಕಿಯ ಕುಲನಾಮ ಎಲೆಟ್ಟೇರಿಯಾ ಬಂದದ್ದು ಮಲಯಾಳಂನಿಂದ. ವ್ಯಾನ್ ರೀಡ್ ಎಂಬ ಡಚ್ ಅಧಿಕಾರಿ ಇಟ್ಟಿ ಅಚ್ಯುತನ್ ಎಂಬ ವೈದ್ಯ ಹಾಗೂ ಕೊಂಕಣಿ ಪಂಡಿತರ ನೆರವಿನಿಂದ ಸಿದ್ಧಪಡಿಸಿ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರಬಂದ 'ಹೋರ್ಟಸ್ ಮಲಬಾರಿಕಸ್' ಇಂಥ ಹೆಸರುಗಳ ದೊಡ್ಡ ಕಣಜ.

ಹೊಳಗೇರಿನ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಇದರ ಸೊನೆ ಮೈಗೆ ತಾಗಿದರೆ ಚರ್ಮ ಸುಟ್ಟಂತಾಗಿ ಗುಳ್ಳೆ ಏಳುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಗೇರುಕಾಯಿಯ ರಸವೂ ಹಾಗೆಯೇ. ಪೋರ್ಚುಗೀಸರು ಅಮೆರಿಕದಿಂದ ತಂದ ಗೋಡಂಬಿಯ ಸಿಪ್ಪೆಯ ಎಣ್ಣೆಯೂ ಹಾಗೆಯೇ. ಕನ್ನಡಿಗರು ಈ ಮೂರಕ್ಕೂ ಗೇರು ಎಂಬ ಪದವನ್ನೇ ಬಳಸಿದರು. ಸಸ್ಯಶಾಸ್ತ್ರ ಇವನ್ನು ಬೇರೆ ಬೇರೆ ಕುಲಗಳಲ್ಲಿಟ್ಟರೂ ಮಾವಿನ ಒಂದೇ ಕುಟುಂಬಕ್ಕೆ ಸೇರಿಸುತ್ತದೆ. ವಿಚಿತ್ರವೆಂದರೆ ಎರಡೂ ಕಡೆ ಹೆಸರು ಒಂದೇ ರೀತಿಯಲ್ಲಿ ಕೈ ಬದಲಾಯಿಸಿದೆ. ಯುರೋಪಿನ ಔಷಧಿ ಅಂಗಡಿಗಳಲ್ಲಿ ಅನಕಾರ್ಡಿಯಂ ಎಂಬುದು ಮೊದಲು ನಮ್ಮ ಗುರುತಿನ ಗೇರಿನ ಹೆಸರಾಗಿತ್ತು. ಲಿನೇಯಸ್ ಅದನ್ನು ಹೊಸದಾಗಿ ಬಂದ ಗೋಡಂಬಿಗೆ ಕೊಟ್ಟ. ಹಳೆಯ ಗೇರು, 'ಗುರುತಿನ ಕಾಯಿ' ಎಂಬ ಅರ್ಥದ ಸೆಮೆಕಾರ್ಪಸ್ ಆಗಿ, ಅನಕಾರ್ಡಿಯಂ ಎಂಬುದನ್ನು ಬಾಲವಾಗಿ ಉಳಿಸಿಕೊಂಡಿತು. ಕನ್ನಡದಲ್ಲಿಯೂ ಇಂದು ಗೇರುಬೀಜ ಎಂದರೆ ಎಲ್ಲರಿಗೂ ನೆನಪಾಗುವುದು ಗೋಡಂಬಿಯೇ. ಹೆಸರಿನ ಹಿಂದಿದ್ದ ಎಚ್ಚರಿಕೆ ಮರೆತುಹೋದರೆ ಕಾಡಿಗೆ ಹೋದವನ ಮೈ ಸುಡುತ್ತದೆ.

<b>ಹೆಸರು ದಾರಿ ತಪ್ಪಿಸಿದಾಗ</b>

ಜನರ ಹೆಸರು ಬಳಕೆಯನ್ನು ಹಿಡಿದು ಹೊರಟಾಗ ನೆಂಟಸ್ತಿಕೆ ತಪ್ಪುವುದುಂಟು. ಸುಟ್ಟರೆ ಪರಿಮಳ ಬರುವ ಅಂಟನ್ನು ಕೊಡುವ ಮರವೆಲ್ಲ ಧೂಪವೇ. ಆದರೆ ಸಾಲುಧೂಪ ವಟೇರಿಯಾ ಇಂಡಿಕಾ. ಕರಿಧೂಪ ಕನೇರಿಯಂ ಸ್ಟ್ರಿಕ್ಟಂ. ಇವೆರಡಕ್ಕೂ ಕುಟುಂಬದ ಸಂಬಂಧವೇ ಇಲ್ಲ. ಹೊನ್ನೆಯ ಗೊಂದಲ ಇನ್ನೂ ದೊಡ್ಡದು. ಸಕಲೇಶಪುರದಲ್ಲಿ ಹೊನ್ನೆ ಎಂದರೆ ಕೆಂಪು ಅಂಟು ಒಸರುವ ನಾಟಾ ಮರ. ಬೇರೆ ಕಡೆಗಳಲ್ಲಿ ಹೊನ್ನೆ ಎಂದರೆ ದೀಪಕ್ಕೆ ಎಣ್ಣೆ ಕೊಡುತ್ತಿದ್ದ ಸುರಹೊನ್ನೆ, ಕ್ಯಾಲೊಫಿಲಂ ಇನೊಫಿಲಂ. ಸಕ್ಕರೆ ಕಾಯಿಲೆಯವರು ನೀರಿಟ್ಟು ಕುಡಿಯುವ ಲೋಟ ಮೊದಲನೆಯ ಮರದ್ದು. ಹೆಸರನ್ನಷ್ಟೇ ನಂಬಿ ಕೊಂಡವನ ಕೈಗೆ ಯಾವ ಮರ ಬಂತು ಎಂಬುದು ಸಣ್ಣ ಪ್ರಶ್ನೆಯಲ್ಲ. ಅಶೋಕದ ಸ್ಥಿತಿಯೂ ಅದೇ. ಸ್ತ್ರೀರೋಗಗಳ ಮದ್ದಿಗೆ ಬೇಕಾದದ್ದು ಘಟ್ಟದ ತೊರೆಗಳ ಬದಿಯಲ್ಲಿ ಬೆಳೆಯುವ, ಕೇಸರಿ ಹೂವಿನ ಸರಾಕಾ ಅಶೋಕದ ತೊಗಟೆ. ಆದರೆ ಶಾಲೆ, ಕಚೇರಿಗಳ ಆವರಣದಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ಬೇರೊಂದು ಮರವನ್ನೂ ಅಶೋಕವೆಂದೇ ಕರೆಯುತ್ತಾರೆ. ಅದರ ತೊಗಟೆಯೂ ಮದ್ದಿನ ಮಾರುಕಟ್ಟೆಯಲ್ಲಿ ಕಲಬೆರಕೆಯಾಗಿ ಸೇರಿಕೊಳ್ಳುತ್ತದೆ.

ಹಾಗೆಂದು ಪುಸ್ತಕದ ಹೆಸರು ಸುಳ್ಳಾಡುವುದೇ ಇಲ್ಲವೆಂದಲ್ಲ. ಕಾಫಿಯಾ ಅರೇಬಿಕಾದ ತವರು ಅರೇಬಿಯಾ ಅಲ್ಲ, ಇಥಿಯೋಪಿಯಾ. ಪುಸ್ತಕದ ಹೆಸರು ಸ್ಥಿರವೂ ಅಲ್ಲ. ಫ್ಲಾರೆನ್ಸಿನ ಮಿಚೆಲಿಯ ಹೆಸರಿನಲ್ಲಿ ಮೈಕೇಲಿಯಾ ಆಗಿದ್ದ ನಮ್ಮ ಸಂಪಿಗೆ, ಈಗ ಫ್ರಾನ್ಸಿನ ಮ್ಯಾಗ್ನೋಲನ ಹೆಸರು ಹೊತ್ತು ಮ್ಯಾಗ್ನೋಲಿಯಾ ಚಂಪಕ ಎನಿಸಿದೆ. ಕರಿಮತ್ತಿ ಹಿಂದೆ ಟೊಮೆಂಟೋಸಾ ಆಗಿತ್ತು. ಮೈಸೂರಿನ ಹೆಸರು ಹೊತ್ತು ಫೈಕಸ್ ಮೈಸೊರೆನ್ಸಿಸ್ ಆಗಿದ್ದ ಗೋಣಿ ಮರವನ್ನು ಈಗ ಫೈಕಸ್ ಡ್ರೂಪೇಸಿಯಾದೊಳಗೆ ಸೇರಿಸಲಾಗಿದೆ. ಈ ಬದಲಾವಣೆಗಳ ನಡುವೆ ಊರಿನವರ ಸಂಪಿಗೆ ಸಂಪಿಗೆಯಾಗಿಯೇ, ಗೋಣಿ ಗೋಣಿಯಾಗಿಯೇ ಉಳಿದಿವೆ.

ಹೊಸದಾಗಿ ಬಂದ ಗಿಡಗಳು ತಮ್ಮ ಹೆಸರನ್ನು ತಾವೇ ತಂದವು, ಇಲ್ಲವೆ ಕಾಲದಿಂದ ಪಡೆದವು. ಅಮೆರಿಕದಿಂದ ಬಂದು ಖಾಲಿ ಜಾಗವನ್ನೆಲ್ಲ ಆವರಿಸುವ ಕ್ರೋಮೊಲೀನಾ ಒಡೊರೇಟಾ ಮಲೆನಾಡು, ಕರಾವಳಿಗಳಲ್ಲಿ 'ಕಮ್ಯುನಿಸ್ಟ್ ಗಿಡ'. ಕಾಫಿ ತೋಟದಲ್ಲಿ ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸಲೂ ನೆಡುವ ಸಿಲ್ವರ್ ಓಕ್, ಓಕ್ ಜಾತಿಯದೇ ಅಲ್ಲ. ಅದು ಆಸ್ಟ್ರೇಲಿಯಾದ ಗ್ರೆವಿಲ್ಲಿಯಾ ರೊಬಸ್ಟಾ. ಬೇಗ ನೇರವಾಗಿ ಬೆಳೆಯುವುದು ಅದರ ಗುಣ. ಜೊತೆಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಕಡಿಯಲು ಅನುಮತಿ ಬೇಕಿಲ್ಲ. ಬೀಟೆಯಾದರೋ ಸ್ವಂತ ತೋಟದಲ್ಲಿದ್ದರೂ ಅನುಮತಿಯಿಲ್ಲದೆ ಕೊಡಲಿ ಹಾಕುವಂತಿಲ್ಲ. 2017ರಿಂದ ಡಾಲ್ಬರ್ಜಿಯಾ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಡಿವಾಣ ಬಿದ್ದಿದೆ. ಕಾಡಿನ ಮರವನ್ನು ಉಳಿಸಲೆಂದು ಮಾಡಿದ ನಿಯಮವೇ, ಬೆಳೆಗಾರನು ಹೊಸದಾಗಿ ನೆಡುವಾಗ ಸಿಲ್ವರ್ ಓಕನ್ನು ಆರಿಸಿಕೊಳ್ಳಲು ಒಂದು ಕಾರಣವೂ ಆಗಿದೆ. ಅತ್ತಿ, ಬಸರಿ, ಗೋಣಿ, ನಂದಿಗಳ ಜಾಗದಲ್ಲಿ ಒಂದೇ ಜಾತಿಯ ಮರದ ಸಾಲುಗಳು ನಿಂತಾಗ, ಆ ಹೆಸರುಗಳನ್ನು ಕರೆಯುವ ಸಂದರ್ಭವೂ ಕಡಿಮೆಯಾಗುತ್ತದೆ.

ಈ ಬೆಟ್ಟಗಳ ಸಸ್ಯಗಳಿಗೆ ಒಂದು ಗಟ್ಟಿ ದಾಖಲೆ ಇರುವುದು ಹಾಸನ ಜಿಲ್ಲೆಯ ಭಾಗ್ಯ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ, ಸಸ್ಯಶಾಸ್ತ್ರಜ್ಞ ಸೆಸಿಲ್ ಸಲ್ಡಾನ ಅವರು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಅವರೊಡನೆ ಸಂಪಾದಿಸಿದ 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್' 1976ರಲ್ಲಿ ಹೊರಬಂದಿತು. 900ಕ್ಕೂ ಹೆಚ್ಚು ಪುಟಗಳ ಗ್ರಂಥವದು. ಒಂದೇ ಜಿಲ್ಲೆಯ ಸಸ್ಯಗಳಿಗೆ ಇಂಥ ದೊಡ್ಡ ಗ್ರಂಥ ದೊರೆತದ್ದು ಅಪರೂಪ.

ಲ್ಯಾಟಿನ್ ಹೆಸರು ಪುಸ್ತಕದಲ್ಲಿ ಭದ್ರವಾಗಿರುತ್ತದೆ. ಕನ್ನಡದ ಹೆಸರಿಗೆ ಆ ಭದ್ರತೆ ಇಲ್ಲ. ಅದನ್ನು ಬಲ್ಲ ಹಿರಿಯರೊಡನೆ ಅದೂ ಹೋಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಅನ್ವಯ ಊರೂರಿನಲ್ಲಿ ಸಿದ್ಧವಾಗಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸ್ಥಳೀಯ ಹೆಸರಿಗೂ ಶಾಸ್ತ್ರೀಯ ಹೆಸರಿಗೂ ಪ್ರತ್ಯೇಕ ಅಂಕಣಗಳಿವೆ. ಮೊದಲನೆಯ ಅಂಕಣವನ್ನು ತುಂಬಲು ಬೇಕಾದವರು ಮರ ಹತ್ತಿ ಗೊತ್ತಿರುವವರು, ಕೊಡಲಿ ಹಿಡಿದು ಗೊತ್ತಿರುವವರು, ಮದ್ದಿನ ಬೇರು ಅಗೆದು ಗೊತ್ತಿರುವವರು. ಯಾವ ಹೊನ್ನೆ, ಯಾವ ಗೇರು, ಯಾವ ಧೂಪ ಎಂದು ಅವರನ್ನು ಕೇಳಿ, ಎರಡನೆಯ ಅಂಕಣದ ಹೆಸರಿನೊಡನೆ ಜೋಡಿಸಿ ಬರೆದಿಟ್ಟರೆ ಎರಡು ಹೆಸರುಗಳೂ ಒಂದಕ್ಕೊಂದು ಸಾಕ್ಷಿಯಾಗುತ್ತವೆ. ಆ ಕೆಲಸ ಅವರು ಇರುವಾಗಲೇ ಆಗಬೇಕು.