ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರ ಒಂದೇ, ಹೊತ್ತು ಬೇರೆ ಬೇರೆ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಅಂತ ಫೋನಿನಲ್ಲಿ ಹುಡುಕಿದರೆ ಥಟ್ಟನೆ ಉತ್ತರ ಬರುತ್ತೆ: ಸುಮಾರು 14,000 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂತ ಹಿಡಿದರೆ ಹದಿನೈದೂವರೆ ಗಂಟೆ. ಆದರೆ ಲೆಕ್ಕ ಇಷ್ಟಕ್ಕೇ ಮುಗಿಯಲ್ಲ.

ದಾರಿ ಮತ್ತು ಗಾಳಿ

ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿಯಾಗಿ ಹಿಡಿದು ನೋಡಿ. ಅದು ಚೀನಾ ದಾಟಿ, ಸೈಬೀರಿಯಾದ ಉತ್ತರದ ಅಂಚು ಮುಟ್ಟಿ, ಅಲಾಸ್ಕಾ ಕಡೆಯಿಂದ ಇಳಿಯುತ್ತೆ. ಅದೇ ಆ 14,000 ಕಿ.ಮೀ. ವಿಮಾನ ಮಾತ್ರ ಆ ದಾರದ ಮೇಲೇ ಹಾರಬೇಕೆಂದಿಲ್ಲ. ಯಾವ ದೇಶದ ಆಕಾಶ ತೆರೆದಿದೆ, ಗಾಳಿ ಹೇಗಿದೆ ಅನ್ನೋದರ ಮೇಲೆ ದಾರಿ ಬದಲಾಗುತ್ತೆ.

ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿಯೇ ಜೆಟ್ ಸ್ಟ್ರೀಮ್. ಅದು ಹಿಂದಿನಿಂದ ತಳ್ಳಿದರೆ ಸಮಯ, ಇಂಧನ ಎರಡೂ ಉಳಿತಾಯ, ಎದುರಾದರೆ ನಷ್ಟ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದ ಬಂದು, 11ರ ನಸುಕಿಗೆ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಪೈಲಟ್‌ಗಳೆಲ್ಲ ಮಹಿಳೆಯರೇ. ಕ್ಯಾಲೆಂಡರ್‌ನಲ್ಲಿ ಎರಡು ದಿನ ಕಳೆದರೂ ಹಾರಿದ್ದು ಸುಮಾರು 17 ಗಂಟೆ.

ಟಿಕೆಟ್ ಓದುವುದು ಹೇಗೆ?

ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ. ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 4:30ಕ್ಕೆ ಅಲ್ಲಿ ಇಳಿದರೆ ಎರಡೂವರೆ ಗಂಟೆ ಅನಿಸುತ್ತೆ. ಚಳಿಗಾಲದಲ್ಲಿ ಅದಕ್ಕೆ ಹದಿಮೂರೂವರೆ ಗಂಟೆ ಕೂಡಿಸಿ: 16 ಗಂಟೆ. ಅಮೆರಿಕದ ಬೇಸಿಗೆಯಲ್ಲಿ ಕೂಡಿಸಬೇಕಾದ್ದು ಹನ್ನೆರಡೂವರೆ.

ಬಾಗಿಲಿಂದ ಬಾಗಿಲಿಗೆ

ಒಂದು ಸೋಮವಾರ ರಾತ್ರಿ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು. ಸ್ಯಾನ್ ಹೋಸೆಯಲ್ಲಿರುವ ಅಕ್ಕನಿಗೆ ಅಮ್ಮ ಕೇಳಿದ್ದು ಒಂದೇ ಮಾತು: "ಎಷ್ಟೊತ್ತಿಗೆ ಬರ್ತೀಯಾ ಪುಟ್ಟಿ?"

ಸಿಕ್ಕಿದ್ದು ದುಬೈ ಮೂಲಕದ ಟಿಕೆಟ್. ದುಬೈವರೆಗೆ 13,000 ಕಿ.ಮೀ., ಅಲ್ಲಿಂದ ಬೆಂಗಳೂರಿಗೆ 2,700. ನೇರ ದಾರಿಗಿಂತ ಬರೀ 1,700 ಕಿ.ಮೀ. ಜಾಸ್ತಿ, ಅಂದರೆ ಹೆಚ್ಚೆಂದರೆ ಎರಡು ಗಂಟೆ. ಆದರೆ ದುಬೈನಲ್ಲಿ ನಾಲ್ಕು ಗಂಟೆ ಕಾಯಬೇಕು. ಮನೆಯಿಂದ ಏರ್‌ಪೋರ್ಟ್, ಮೂರು ಗಂಟೆ ಮುಂಚಿನ ಚೆಕ್‌ಇನ್, ಇಮಿಗ್ರೇಷನ್, ಲಗೇಜು, ದೇವನಹಳ್ಳಿಯಿಂದ ಜಯನಗರ — ಎಲ್ಲ ಸೇರಿ ಮೂವತ್ತು ಗಂಟೆ.

ಅಕ್ಕ ಲೆಕ್ಕ ಹಾಕಿ ನಮ್ಮ ಗಡಿಯಾರದಲ್ಲೇ ಹೇಳಿದಳು: "ಬುಧವಾರ ಬೆಳಿಗ್ಗೆ ಆರಕ್ಕೆ, ಅಮ್ಮ." ಅದನ್ನು ಕೇಳಿ ಡಾಕ್ಟರ್ ಆಪರೇಷನ್ ಅನ್ನು ಬುಧವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಲು ಒಪ್ಪಿದರು. ಚಿಕ್ಕಪ್ಪ ಎರಡು ರಾತ್ರಿ ಆಸ್ಪತ್ರೆಯಲ್ಲಿ ಉಳಿದರು. ಆಪರೇಷನ್‌ಗೆ ಮುಂಚೆ ಅಪ್ಪ, ಅಕ್ಕ ಅರ್ಧ ಗಂಟೆ ಮಾತಾಡಿದರು.

ದೂರದ ಊರಲ್ಲಿ ಇರುವವರು ಈ ಲೆಕ್ಕವನ್ನು ಒಮ್ಮೆ ಬಿಡುವಿನಲ್ಲಿ ಹಾಕಿ, ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮನೆಯವರಿಗೂ ತಿಳಿಸಿರಿ.