64 ಬೈಟಿನಲ್ಲೊಂದು ಬೇಸಿಕ್

1977ರಲ್ಲಿ ಅಮೆರಿಕದ ಅಟಾರಿ ಕಂಪನಿ ಟಿವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆಯೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಮುಂದೆ ಅದಕ್ಕೆ ಅಟಾರಿ 2600 ಎಂಬ ಹೆಸರು ಬಂತು. ಒಳಗೆ ಪ್ರೊಸೆಸರ್ ಇದ್ದ ಮೇಲೆ ಅದೂ ಕಂಪ್ಯೂಟರೇ ತಾನೇ? ಆಡುವವರು ಅದರಲ್ಲೇ ಪ್ರೋಗ್ರಾಂ ಬರೆಯಲಿ ಎಂದು 1980ರ ಹೊತ್ತಿಗೆ ‘ಬೇಸಿಕ್ ಪ್ರೋಗ್ರಾಮಿಂಗ್’ ಎಂಬ ಕಾರ್ಟ್ರಿಜ್ ಬಂತು. ಮಾಡಿದವರು ವಾರನ್ ರಾಬಿನೆಟ್. ‘ಅಡ್ವೆಂಚರ್’ ಆಟದೊಳಗೆ ಕಂಪನಿಗೂ ಹೇಳದೆ ತಮ್ಮ ಹೆಸರನ್ನು ಅಡಗಿಸಿಟ್ಟ ಕಿಲಾಡಿ ಇವರೇ.

ತೊಡಕಿದ್ದದ್ದು ಮೆಮೊರಿಯಲ್ಲಿ. ಪೆಟ್ಟಿಗೆಯ ರ‍್ಯಾಮ್ ಒಟ್ಟು 128 ಬೈಟ್. ಕಿಲೋಬೈಟ್ ಅಲ್ಲ, ಬರೀ ಬೈಟ್! ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಅಷ್ಟೂ ಕಾರುಬಾರು ಕಾರ್ಟ್ರಿಜ್‌ನಲ್ಲೇ ಅಚ್ಚಾಗಿತ್ತು. ಆದರೆ ಅದನ್ನು ಓದಬಹುದು, ಅದರ ಮೇಲೆ ಬರೆಯಲಾಗದು. ಬೇಸಿಕ್ ತನ್ನ ಲೆಕ್ಕಾಚಾರಕ್ಕೆ ಬೇಕಾದಷ್ಟು ರ‍್ಯಾಮ್ ಹಿಡಿದುಕೊಂಡ ಮೇಲೆ ಪ್ರೋಗ್ರಾಂ ಬರೆಯುವವರಿಗೆ ಉಳಿದದ್ದು 64 ಬೈಟ್. ಇಂದಿನ ಕಂಪ್ಯೂಟರುಗಳು ಅಕ್ಷರಗಳನ್ನು ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಆ 64 ಬೈಟಿನಲ್ಲಿ ಈ ವಾಕ್ಯವೂ ಹಿಡಿಸದು. ಒಂದೊಂದು ಆದೇಶಪದವನ್ನೂ ಒಂದೇ ಸಂಕೇತವಾಗಿ ಕೂಡಿಟ್ಟು ರಾಬಿನೆಟ್ ಜಾಗ ಉಳಿಸಿದರು. ಕೀಬೋರ್ಡ್ ಇರಲಿಲ್ಲ, 12 ಗುಂಡಿಗಳ ಎರಡು ಕೀಪ್ಯಾಡ್‌ಗಳನ್ನು ಜೋಡಿಸಿ, ಒಂದೊಂದು ಗುಂಡಿಗೂ ನಾಲ್ಕು ಅರ್ಥದವರೆಗೆ ಹೊರಿಸಿದ್ದರು.

ವೇಗವೂ ಅಷ್ಟಕ್ಕಷ್ಟೆ. ಇಡೀ ಚಿತ್ರವನ್ನು ನೆನಪಿಟ್ಟುಕೊಳ್ಳುವ ಮೆಮೊರಿ ಈ ಪೆಟ್ಟಿಗೆಯಲ್ಲಿ ಇಲ್ಲವಾದ್ದರಿಂದ, ಟಿವಿಯ ಒಂದೊಂದು ಗೆರೆ ಮೂಡುವಾಗಲೂ ಪ್ರೊಸೆಸರ್ ಮುಂದೆ ನಿಂತು ಬಣ್ಣ ಒದಗಿಸಬೇಕು. ಅಮೆರಿಕದ ಟಿವಿಯಲ್ಲಿ ಒಂದು ಚಿತ್ರಕ್ಕೆ 262 ಗೆರೆ. ಅದರಲ್ಲಿ ಸುಮಾರು 192 ಗೆರೆಗಳ ಹೊತ್ತು ಚಿತ್ರ ಬಿಡಿಸುವುದಕ್ಕೇ ಹೋಗುತ್ತಿತ್ತು. ಮಿಕ್ಕ ಬಿಡುವಿನಲ್ಲಿ ಲೆಕ್ಕ.

ಇಷ್ಟು ಇಕ್ಕಟ್ಟಿನಲ್ಲೂ ರಾಬಿನೆಟ್ ಒಂದು ಕೆಲಸ ಸೊಗಸಾಗಿ ಮಾಡಿದರು. ಪರದೆಯಲ್ಲಿ ಪ್ರೋಗ್ರಾಂ, ಚರಾಂಶಗಳು, ಉತ್ತರ ಎಲ್ಲಕ್ಕೂ ಬೇರೆ ಬೇರೆ ಕಿಂಡಿ. ‘ಸ್ಟ್ಯಾಕ್’ ಎಂಬ ಕಿಂಡಿಯಲ್ಲಿ ಲೆಕ್ಕದ ನಡುವಿನ ಬೆಲೆಗಳು ಒಂದೊಂದಾಗಿ ಬಂದುಹೋಗುವುದು ಕಾಣುತ್ತದೆ. ಯಂತ್ರ ಏನು ಮಾಡುತ್ತಿದೆ ಎಂಬುದನ್ನು ಹೀಗೆ ಬಿಚ್ಚಿ ತೋರಿಸುವ ಸೌಕರ್ಯ ಆಗಿನ ದುಬಾರಿ ಮನೆ-ಕಂಪ್ಯೂಟರುಗಳ ಬೇಸಿಕ್‌ನಲ್ಲೂ ಸಾಮಾನ್ಯವಾಗಿ ಇರಲಿಲ್ಲ.

1984ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಫ್ಯಾಮಿಕಾಂ’ ಎಂಬ ತನ್ನ ಗೇಮ್ ಪೆಟ್ಟಿಗೆಗೆ ‘ಫ್ಯಾಮಿಲಿ ಬೇಸಿಕ್’ ತಂದಾಗ ಜೊತೆಗೆ ನಿಜವಾದ ಕೀಬೋರ್ಡ್ ಇತ್ತು; ಬರೆದದ್ದನ್ನು ಕ್ಯಾಸೆಟ್‌ನಲ್ಲಿ ಉಳಿಸಿಕೊಳ್ಳಲೂಬಹುದಿತ್ತು. ಅಟಾರಿಯಲ್ಲಿ ಸ್ವಿಚ್ ಆರಿಸಿದರೆ ಎಲ್ಲವೂ ಖಲಾಸ್. ಬಳಸಲು ಫ್ಯಾಮಿಕಾಂನದೇ ಮೇಲು, ಸಂಶಯವಿಲ್ಲ. ಆದರೆ ಕಲಿಸುವ ಜಾಣ್ಮೆಯಲ್ಲಿ ನನ್ನ ಓಟು ರಾಬಿನೆಟ್‌ಗೇ.