ಹಾಲ್‌ನಲ್ಲಿ ನಾಲ್ಕು ಟೈಲ್ಸ್, ಒಂದು ಸ್ಟೀಲ್ ಲೋಟ

ನಿಮ್ಮ ಮನೆ ಹಾಲ್‌ಗೆ ಎರಡಡಿಗೆ ಎರಡಡಿಯ ಟೈಲ್ಸ್ ಹಾಕಿಸಿದ್ದೀರಾ? ಹಾಗಾದ್ರೆ ಗಾಲ್ಫ್‌ನ ಅರ್ಧ ಆಟ ಕಲಿಯೋಕೆ ಬೇಕಾದ ಜಾಗ ನಿಮ್ಮ ಹತ್ತಿರ ಆಗಲೇ ಇದೆ. ನಾಲ್ಕು ಟೈಲ್ಸ್ ಎಣಿಸಿದರೆ ಎಂಟು ಅಡಿ. ನಡುವಿನ ಸಂದು ಗಾರೆಯವರು ದಾರ ಹಿಡಿದು ಕೂರಿಸಿದ ನೇರ ಗೆರೆ. ಅಮೆರಿಕದ ಪಿಜಿಎ ಟೂರ್‌ನಲ್ಲಿ ಆಡುವ ವೃತ್ತಿಪರರು ಎಂಟು ಅಡಿಯಿಂದ ಹೊಡೆದ ಪಟ್‌ಗಳಲ್ಲಿ ಗುಳಿಗೆ ಬೀಳೋದು ಸುಮಾರು ಅರ್ಧದಷ್ಟು ಮಾತ್ರ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಲಕ್ಷಗಟ್ಟಲೆ ಹೊಡೆತಗಳ ಲೆಕ್ಕ ಹಾಕಿ ತೋರಿಸಿದ ಅಂಕಿ ಇದು. ಅದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಹೆಂಡತಿಗೂ ಓದಿ ಹೇಳಿದೆ. ಅವಳು ಮೊಸರು ಕಡೆಯೋದನ್ನು ನಿಲ್ಲಿಸಲಿಲ್ಲ.

ಗಾಲ್ಫ್ ಗೊತ್ತಿಲ್ಲದವರಿಗೆ ಒಂದೇ ಮಾತು. ದೂರದಿಂದ ಹೊಡ್ಕೊಂಡು ಬಂದ ಚೆಂಡು ಕೊನೆಗೆ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಅಂದರೆ ಗ್ರೀನ್ ಮೇಲೆ, ಬಂದು ನಿಲ್ಲುತ್ತೆ. ಅಲ್ಲಿಂದ ಪಟರ್ ಎಂಬ ಚಪ್ಪಟೆ ಮುಖದ ಕೋಲಿನಿಂದ ಅದನ್ನು ಉರುಳಿಸಿ ಗುಳಿಗೆ ಹಾಕೋದೇ ಪಟಿಂಗ್. 18 ಗುಳಿಗಳ ಮೈದಾನಕ್ಕೆ ಸಾಮಾನ್ಯವಾಗಿ ನಿಗದಿಯಾದ ಹೊಡೆತ 72. ಅದರಲ್ಲಿ ಗುಳಿಗೆ ಎರಡರಂತೆ 36 ಹೊಡೆತ ಪಟಿಂಗ್‌ಗೇ ಅಂತ ಲೆಕ್ಕ.

"ಹೊಸಪೇಟ್ಯಾಗ ಗಾಲ್ಫಾ? ಬಾಳೆ ತೋಟದಾಗ ಆಡ್ತೀಯೇನಪ?" ಅಂತ ತೋರಣಗಲ್ಲಿಗೆ ಹೋಗೋ ಬಸ್ಸಿನಲ್ಲಿ ಸಹೋದ್ಯೋಗಿಗಳು ನಗ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ನಾನು ಈ ಆಟ ಹಿಡಿದದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ. ಊರಿಗೆ ವಾಪಸ್ ಬಂದ ಮೇಲೆ ಗ್ರೀನ್ ಮೇಲೆ ಕಾಲಿಡೋದು ವರ್ಷಕ್ಕೆ ಮೂರೋ ನಾಲ್ಕೋ ಸಲ. ದುಡ್ಡು, ದೂರ, ರಜೆ ಮೂರೂ ಕೂಡಿಬರಬೇಕು. ಡ್ರೈವರ್ ಹಿಡಿದು ಇನ್ನೂರು ಗಜ ಹೊಡೆಯೋದನ್ನು ಹೊಸಪೇಟೆಯ ಎರಡನೇ ಮಹಡಿಯಲ್ಲಿ ಅಭ್ಯಾಸ ಮಾಡೋಕಾಗಲ್ಲ. ಪಟಿಂಗ್ ಆಗುತ್ತೆ. ಈ ಆಟದಲ್ಲಿ ಜಮೀನು, ಮೈಬಲ, ಮೆಂಬರ್‌ಶಿಪ್ ಯಾವುದನ್ನೂ ಕೇಳದ ಭಾಗ ಅದೊಂದೇ.

ಇದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ ಬೆಂಗಳೂರಿನ ಅದಿತಿ ಅಶೋಕ್. 1998ರಲ್ಲಿ ಹುಟ್ಟಿದ ಹುಡುಗಿ. ಐದು ವರ್ಷದವಳಿದ್ದಾಗ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದ ಪಕ್ಕದ ಹೋಟೆಲಿಗೆ ಅಪ್ಪ-ಅಮ್ಮನ ಜೊತೆ ತಿಂಡಿಗೆ ಹೋಗ್ತಿದ್ದಳು. ಅಲ್ಲಿ ಆಡೋರನ್ನು ನೋಡಿ ಆಸೆಪಟ್ಟಳು, ಮನೆಯವರು ಒಳಗೆ ಕರ್ಕೊಂಡು ಹೋದರು. ಮುಂದೆ 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನ, ಕೆಲವೇ ವಾರಗಳ ಹಿಂದೆ ಕೋವಿಡ್ ಬಂದು ಕಸುವು ಕಳೆದಿತ್ತು, ಬ್ಯಾಗ್ ಹೊತ್ತು ಜೊತೆಗೆ ನಡೆದವರು ಅಮ್ಮ. ಮೊದಲ ಹೊಡೆತದಲ್ಲಿ ಅಮೆರಿಕದ ನೆಲ್ಲಿ ಕೊರ್ಡಾ ಚೆಂಡಿಗಿಂತ ಅದಿತಿಯ ಚೆಂಡು ಎಷ್ಟೋ ಹಿಂದೆ ಬೀಳ್ತಿತ್ತು. ಆದರೂ ನಾಲ್ಕು ದಿನ 67, 66, 68, 68. ಒಟ್ಟು 269. ಎಲ್ಲವೂ ಪಟರ್ ಕೃಪೆ. ಕೊರ್ಡಾ ಚಿನ್ನ ಗೆದ್ದರು. ಬೆಳ್ಳಿ-ಕಂಚಿಗೆ ಮೋನೆ ಇನಾಮಿ, ಲಿಡಿಯಾ ಕೋ ನಡುವೆ ಪೈಪೋಟಿ ನಡೀತು. ಅವರಿಬ್ಬರಿಗಿಂತ ಒಂದೇ ಒಂದು ಹೊಡೆತ ಹೆಚ್ಚಾಗಿ ನಮ್ಮ ಹುಡುಗಿ ನಾಲ್ಕನೆಯವಳಾದಳು. 18ನೇ ಗುಳಿಯಲ್ಲಿ ಆಕೆಯ ಬರ್ಡಿ ಪಟ್ ಪಕ್ಕಕ್ಕೆ ಜಾರಿದ್ದನ್ನು ಆ ಶನಿವಾರ ಬೆಳಿಗ್ಗೆ ಎದ್ದು ನೋಡಿದವರು ಮರೆತಿರಲಿಕ್ಕಿಲ್ಲ. ಗಾಲ್ಫ್ ಅಂದರೇನು ಅಂತ ಅವತ್ತೇ ಗೂಗಲ್ ಮಾಡಿದವರಿಗೂ ಆ ನೋವು ತಟ್ಟಿತ್ತು.

ಈಗ ಲೆಕ್ಕಕ್ಕೆ ಬರೋಣ. ಗುಳಿಯ ಅಗಲ ನಾಲ್ಕೂಕಾಲು ಇಂಚು, ಅಂದರೆ 10.8 ಸೆಂ.ಮೀ. ಚೆಂಡಿನದು 4.3 ಸೆಂ.ಮೀ. ಚೆಂಡು ಯಾವ ದಿಕ್ಕಿಗೆ ಹೊರಡುತ್ತೆ ಅನ್ನೋದನ್ನು ಬಹುಪಾಲು ನಿರ್ಧರಿಸೋದು ತಾಗುವ ಗಳಿಗೆಯಲ್ಲಿ ಪಟರ್ ಮುಖ ಎತ್ತ ನೋಡ್ತಿತ್ತು ಅನ್ನೋದು. ಕೈ ಬೀಸಿದ ದಾರಿಯ ಪಾಲು ಕಡಿಮೆ. ಮುಖ ಒಂದು ಡಿಗ್ರಿ ವಾಲಿದರೆ ಎಂಟು ಅಡಿಯಲ್ಲಿ ಚೆಂಡು ಸುಮಾರು ಒಂದೂಮುಕ್ಕಾಲು ಇಂಚು ಸರಿಯುತ್ತೆ, ಅಂಚಿನಲ್ಲಾದರೂ ಒಳಗೆ ಬೀಳುತ್ತೆ. ಹದಿನೈದು ಅಡಿಯಲ್ಲಿ ಮೂರಿಂಚಿಗಿಂತ ಹೆಚ್ಚು, ಹೊರಗೆ. ಅಂದರೆ ನಾವು ಕಲಿಯಬೇಕಾದ್ದು ಒಂದು ಡಿಗ್ರಿಯ ಒಳಗಿನ ಶಿಸ್ತು. ಅಷ್ಟು ಸಣ್ಣದು ಕಣ್ಣಿಗೆ ಕಾಣಲ್ಲ, ಅದಕ್ಕೇ ಸಾಧನ ಬೇಕು.

ಆ ಸಾಧನ ನಿಮ್ಮ ಪರ್ಸಿನಲ್ಲೇ ಇದೆ. ಎಟಿಎಂ ಕಾರ್ಡಿನ ಅಗಲ 5.4 ಸೆಂ.ಮೀ. ಚೆಂಡಿನಿಂದ ಸರಿಯಾಗಿ ಒಂದು ಟೈಲ್ ಮುಂದೆ ಕಾರ್ಡನ್ನು ಅಡ್ಡ ಇಟ್ಟು, ಅದರ ಎರಡು ಬದಿಗೆ ಎರಡು ಪೆನ್ಸಿಲ್ ಸೆಲ್ ನಿಲ್ಲಿಸಿ, ಕಾರ್ಡ್ ತೆಗೀರಿ. ಇದು ಬಾಗಿಲು. ಚೆಂಡಿಗೆ ಎರಡೂ ಕಡೆ ಉಳಿಯೋದು ಐದೂವರೆ ಮಿಲಿಮೀಟರ್. ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ವಾಲಿದರೂ ಸೆಲ್ ಟಪ್ ಅಂತ ಬೀಳುತ್ತೆ. ಯಾವ ಕಡೆಯದು ಬಿತ್ತು ಅಂತ ನೋಡಿದರೆ ಸಾಕು, ಕೋಚ್ ಬೇಕಿಲ್ಲ. ನಾಣ್ಯ ಇಡಬೇಡಿ, ಚೆಂಡು ಹತ್ತಿ ಇಳಿದು ಹೋಗಿಬಿಡುತ್ತೆ, ಏನೂ ತಿಳಿಯಲ್ಲ. ಟೈಗರ್ ವುಡ್ಸ್ ಪಟರ್ ತಲೆಯ ಎರಡೂ ಪಕ್ಕ ಟೀ ಚುಚ್ಚಿ, ಅದರ ನಡುವೆ ಒಂದೇ ಕೈಯಲ್ಲಿ ಹೊಡೆಯೋ ವಿಡಿಯೊಗಳನ್ನು ನೀವು ನೋಡಿರಬಹುದು. ಅದೂ ಇದೇ ಜಾತಿಯ ಬಾಗಿಲು, ಚೆಂಡಿನ ಬದಲು ಕೋಲಿಗೆ.

ಗುಳಿಗೆ ಏನು ಮಾಡೋದು? ಏಳು ಸೆಂ.ಮೀ. ಅಗಲದ ಸ್ಟೀಲ್ ಲೋಟ ನಿಲ್ಲಿಸಿ. ಚೆಂಡಿನ ಯಾವ ಅಂಚು ತಾಗಿದರೂ ಲೆಕ್ಕಕ್ಕೆ. ಲೋಟದ ಅಗಲಕ್ಕೆ ಚೆಂಡಿನ ಅಗಲ ಕೂಡಿದರೆ 11.3 ಸೆಂ.ಮೀ., ನಿಜವಾದ ಗುಳಿಗೆ ಹತ್ತಿರ ಹತ್ತಿರ ಸಮ. ಕೈ ಕುದುರಿದ ಮೇಲೆ ಸಣ್ಣ ಟೀ ಲೋಟಕ್ಕೆ ಇಳೀರಿ. ಬೆಳಿಗ್ಗೆ ಆರಕ್ಕೆ ಅಭ್ಯಾಸ ಮಾಡೋರು ಲೋಟಕ್ಕೆ ಹಳೇ ಸಾಕ್ಸ್ ತೊಡಿಸೋದು ಒಳ್ಳೇದು. ಕೆಳಗಿನ ಮನೆಯವರ ಬಗ್ಗೆ ಹೇಳ್ತಿದ್ದೀನಿ.

ಕಣ್ಣು ಚೆಂಡಿನ ನೇರಕ್ಕೆ ಇದೆಯಾ ಅಂತ ನೋಡೋಕೆ ಅಂಗಡಿಯಲ್ಲಿ ಪಟಿಂಗ್ ಮಿರರ್ ಅಂತ ಮಾರ್ತಾರೆ. ಅದರ ಬದಲು ಹಳೇ ಸಿ.ಡಿ. ಹೊಳೆಯುವ ಮುಖ ಮೇಲಾಗಿ ಇಟ್ಟು, ಅದರ ನಡುವಿನ ತೂತಿನ ಮೇಲೆ ಚೆಂಡು ಕೂರಿಸಿ, ಆಡುವ ಭಂಗಿಯಲ್ಲಿ ಬಗ್ಗಿ ನೋಡಿ. ಚೆಂಡಿನ ಎಡಕ್ಕೊಂದು ಬಲಕ್ಕೊಂದು ನಿಮ್ಮ ಕಣ್ಣು ಕಂಡರೆ ಸರಿಯಾಗಿ ಮೇಲಿದ್ದೀರಿ. ಎರಡೂ ಕಾಲಿನ ಕಡೆಗೆ ಸರಿದು ಕಂಡರೆ ದೂರ ನಿಂತಿದ್ದೀರಿ. ಹೊಡೆಯುವ ಮುಂಚೆ ಸಿ.ಡಿ. ತೆಗೆದುಬಿಡಿ.

ದಿಕ್ಕಾಯ್ತು. ಇನ್ನು ವೇಗ. ನನ್ನ ಕೇಳಿದರೆ ಹೆಚ್ಚು ಜನ ಸೋಲೋದು ಇಲ್ಲೇ, ಆದರೆ ಅಭ್ಯಾಸ ಮಾಡೋರು ಕಡಿಮೆ, ಯಾಕಂದ್ರೆ ಟಪ್ ಅಂತ ಸದ್ದು ಬರಲ್ಲ. ನಾಸಾದಲ್ಲಿ ವಿಜ್ಞಾನಿಯಾಗಿದ್ದು ಆಮೇಲೆ ಗಾಲ್ಫ್ ಕಲಿಸಲು ಹೊರಟ ಡೇವ್ ಪೆಲ್ಜ್ ಹೇಳೋ ಪ್ರಕಾರ, ಗುಳಿ ತಪ್ಪಿದ ಚೆಂಡು ಅದನ್ನು ದಾಟಿ 17 ಇಂಚು ಮುಂದೆ ನಿಲ್ಲುವಂತಿರಬೇಕು. ಗುಳಿಗೆ ಮುಂಚೆಯೇ ನಿಂತ ಚೆಂಡು ಎಷ್ಟೇ ನೇರವಾಗಿ ಹೋದರೂ ಒಳಗೆ ಬೀಳೋದಿಲ್ಲವಲ್ಲ! ಬರೀ ಟೈಲ್ಸ್ ಮೇಲೆ ಇದನ್ನು ಕಲಿಯೋಕಾಗಲ್ಲ, ಚೆಂಡು ಗೋಡೆವರೆಗೂ ಓಡುತ್ತೆ. ನಾನು ಎರಡು ಜಮಖಾನೆಯನ್ನು ಉದ್ದಕ್ಕೆ ಹಾಸ್ತೀನಿ. ಲೋಟ ಎತ್ತಿಬಿಟ್ಟು, ಅದು ಇದ್ದ ಜಾಗದಲ್ಲೊಂದು, ಅದರಿಂದ ಒಂದೂವರೆ ಅಡಿ ಆಚೆ ಇನ್ನೊಂದು ಸೀಮೆಸುಣ್ಣದ ಗೆರೆ. ಚೆಂಡು ಆ ಎರಡರ ನಡುವೆ ನಿಲ್ಲಬೇಕು. ನಾಲ್ಕಡಿ, ಆರಡಿ, ಎಂಟಡಿ ಅಂತ ದೂರ ಬದಲಿಸ್ತಾ ಹೋಗಬೇಕು. ಒಂದೇ ದೂರದಿಂದ ಐವತ್ತು ಹೊಡೆದರೆ ಕೈ ಪಾಠ ಒಪ್ಪಿಸುತ್ತೆ ಅಷ್ಟೇ, ಕಲಿಯಲ್ಲ.

ಜಮಖಾನೆ ಗ್ರೀನ್‌ಗೆ ಸಮಾನವಾ ಅಂತ ತಿಳಿಯೋಕೂ ದಾರಿ ಇದೆ. ಎಡ್ವರ್ಡ್ ಸ್ಟಿಂಪ್ಸನ್ ಎಂಬಾತ 1935ರಲ್ಲಿ ಹೊಳೆದ ಉಪಾಯದಿಂದ ಹುಟ್ಟಿದ ಸಾಧನ ಸ್ಟಿಂಪ್‌ಮೀಟರ್. ಒಂದು ಗಜ ಉದ್ದದ ಅಲ್ಯೂಮಿನಿಯಂ ಕಾಲುವೆಯಂಥ ಪಟ್ಟಿ, ಕೆಳ ತುದಿಯಿಂದ 30 ಇಂಚಿನಲ್ಲಿ ಒಂದು ಕಚ್ಚು. ಕಚ್ಚಿನಲ್ಲಿ ಚೆಂಡಿಟ್ಟು ಆ ತುದಿಯನ್ನು ನಿಧಾನ ಎತ್ತುತ್ತಾ ಹೋದರೆ, ಸುಮಾರು 20 ಡಿಗ್ರಿಯಲ್ಲಿ ಚೆಂಡು ತಾನೇ ಉರುಳುತ್ತೆ. ನೆಲ ಮುಟ್ಟಿದ ಮೇಲೆ ಎಷ್ಟು ಅಡಿ ಓಡಿತೋ ಅದೇ ಗ್ರೀನ್‌ನ ವೇಗ. ಕಿಟಕಿ ಕೆಲಸದವರ ಹತ್ತಿರ ಉಳಿದ ಚಾನೆಲ್ ತುಂಡು ಸಿಕ್ಕರೆ ಸಾಕು. ಕಚ್ಚಿನ ಜಾಗ ನೆಲದಿಂದ ಹತ್ತು ಇಂಚು ಎತ್ತರಕ್ಕೆ ಬರುವಂತೆ ಪುಸ್ತಕ ಕೊಟ್ಟು, ಬೆರಳಿನಿಂದ ತಡೆದು ಬಿಡಿ. ನನ್ನ ಜಮಖಾನೆ ಒಂಬತ್ತು ಅಡಿ ಆಸುಪಾಸು ಬರುತ್ತೆ, ಸಾಧಾರಣ ಕ್ಲಬ್ ಗ್ರೀನ್‌ಗೆ ಸಾಟಿ. ಎರಡೂ ದಿಕ್ಕಿನಿಂದ ಅಳೆಯಿರಿ. ಅಂಕಿ ಬೇರೆ ಬೇರೆ ಬಂದರೆ ನಿಮ್ಮ ಹಾಲ್ ಯಾವ ಕಡೆ ವಾಲಿದೆ ಅಂತ ಬಿಲ್ಡರ್‌ಗೂ ಮುಂಚೆ ನಿಮಗೆ ಗೊತ್ತಾಗುತ್ತೆ.

ವಾಲು ಅಂದಾಗ ಹಂಪಿ ನೆನಪಾಗುತ್ತೆ. ಪಟರ್ ತಗೊಂಡು ಅಲ್ಲಿಗೆ ಹೋಗಬೇಡಿ, ಸಂರಕ್ಷಿತ ಸ್ಮಾರಕ, ಬರೀ ಕಣ್ಣು ತಗೊಂಡು ಹೋಗಿ. ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿಗೆ ನೀರು ತರುತ್ತಿದ್ದ ಕಲ್ಲಿನ ದೋಣಿಗಳ ಸಾಲು ನೋಡಿ. ಬರಿಗಣ್ಣಿಗೆ ಮಟ್ಟಸವಾಗಿ ಕಾಣುತ್ತೆ, ಆದರೆ ಮಟ್ಟಸವಾಗಿದ್ದರೆ ನೀರು ಹರೀತಾನೇ ಇರಲಿಲ್ಲ. ಗ್ರೀನ್ ಕೂಡ ಹೀಗೇ ಮೋಸ ಮಾಡುತ್ತೆ. ಅನುಭವಿ ಆಟಗಾರರು ಕೇಳಿಕೊಳ್ಳೋ ಪ್ರಶ್ನೆ, ಇಲ್ಲಿ ಒಂದು ಕೊಡ ನೀರು ಸುರಿದರೆ ಎತ್ತ ಹೋಗುತ್ತೆ? ನಮ್ಮ ತಾರಸಿಗಳನ್ನು ಮಳೆನೀರಿನ ಪೈಪಿನ ಕಡೆಗೆ ವಾಲಿಸಿಯೇ ಕಟ್ಟಿರ್ತಾರೆ. ಅಲ್ಲಿ ಯೋಗಾ ಮ್ಯಾಟ್ ಹಾಸಿ, ಮೊದಲು ಪಕ್ಕದಲ್ಲಿ ಒಂದು ಚೊಂಬು ನೀರು ಬಿಟ್ಟು ನೋಡಿ, ಆಮೇಲೆ ಚೆಂಡು ಬಿಡಿ. ನೀರು ತಿರುಗಿದ ಕಡೆಗೇ ಚೆಂಡೂ ತಿರುಗುತ್ತೆ. ನಿಧಾನ ಹೊಡೆದಷ್ಟೂ ಹೆಚ್ಚು ತಿರುಗುತ್ತೆ. ಬಾಗನ್ನು ಓದೋದು, ವೇಗವನ್ನು ಆರಿಸೋದು ಬೇರೆ ಬೇರೆ ಕೆಲಸ ಅಲ್ಲ ಅನ್ನೋದು ನನಗೆ ಮನದಟ್ಟಾದದ್ದು ತಾರಸಿ ಮೇಲೇ. ಅಂದಹಾಗೆ ಹಂಪಿಯ ಮಂಟಪಗಳ ನೆಲಗಲ್ಲಿನಲ್ಲಿ ಚೌಕಾಬಾರ, ಹುಲಿ-ಕುರಿ ಆಟದ ಮನೆಗಳನ್ನು ಕೊರೆದಿರೋದೂ ಕಾಣುತ್ತೆ. ಮನೆ ನೆಲವನ್ನೇ ಆಟದ ಅಂಗಳ ಮಾಡ್ಕೊಂಡವರು ನಾವೇ ಮೊದಲಲ್ಲ.

ಸಂಡೂರಿನ ಗೆಳೆಯನ ಹಳೇ ಮನೆಯಲ್ಲಿ ಕೆಂಪು ಕಾವಿ ನೆಲ, ಸಂದಿಲ್ಲ, ಗೆರೆಯಿಲ್ಲ. ಸುತ್ತಲೂ ಗುಡ್ಡ ಇರೋ ಊರಿನಲ್ಲಿ ಯಾವುದು ಮಟ್ಟ ಅಂತ ಕಣ್ಣಿಗೆ ಗೊಂದಲ ಬೇರೆ. ಅಲ್ಲಿ ಗಾರೆಯವರ ಉಪಾಯವೇ ಗತಿ. ದಾರಕ್ಕೆ ಸುಣ್ಣದ ಪುಡಿ ಸವರಿ, ಎರಡು ತುದಿ ಬಿಗಿಹಿಡಿದು, ನಡುವೆ ಮೀಟಿದರೆ ನೆಲದ ಮೇಲೆ ನೇರ ಬಿಳಿ ಗೆರೆ. ಆಟ ಮುಗಿದ ಮೇಲೆ ಒರೆಸಿದರಾಯ್ತು.

ದುಡ್ಡಿನ ವಿಷಯ. ನನ್ನ ಸೆಕೆಂಡ್ ಹ್ಯಾಂಡ್ ಪಟರ್‌ಗೆ ಎರಡು ಸಾವಿರ ಕೊಟ್ಟೆ, ಹಳೇ ಚೆಂಡು ನಾಲ್ಕು. ಚೆಂಡನ್ನು ತಾನೇ ವಾಪಸ್ ತಳ್ಳೋ ಯಂತ್ರ ಬೇಡ. ನಡೆದು ಹೋಗಿ ಹೆಕ್ಕಿ ತರೋ ಆ ಅರ್ಧ ನಿಮಿಷದಲ್ಲೇ ಹಿಂದಿನ ಹೊಡೆತದ ಬಗ್ಗೆ ಯೋಚನೆ ಬರೋದು. ಫೋನಿನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕ್ಕೊಳ್ಳಿ, ಪುಕ್ಕಟೆ. ಕೋಲು ಹಿಂದಕ್ಕೆ ಹೋಗೋಕೆ ಎರಡು ಪಾಲು ಸಮಯ, ವಾಪಸ್ ಬಂದು ಚೆಂಡು ಮುಟ್ಟೋಕೆ ಒಂದು ಪಾಲು. ಈ ಲಯ ಕೂತರೆ ಗಾಬರಿಯಲ್ಲಿ ಕುಕ್ಕೋದು ನಿಲ್ಲುತ್ತೆ. ಮತ್ತೆ ಒಂದು ನೋಟ್‌ಬುಕ್. ದಿನಕ್ಕೆ ಎಂಟು ಅಡಿಯಿಂದ ಇಪ್ಪತ್ತೇ ಹೊಡೆತ, ಎಷ್ಟು ತಾಗಿತು ಅಂತ ಬರೀರಿ. ಮೊದಲ ವಾರ ನನ್ನದು ಏಳು, ಒಂಬತ್ತು, ಆರು. ಈಗ ಹದಿಮೂರರ ಸುತ್ತ ಸುತ್ತುತ್ತಿದೆ, ಮೇಲೇಳ್ತಿಲ್ಲ. ನೆಲ ಮಟ್ಟಸ, ಗಾಳಿ ಇಲ್ಲ, ನೋಡೋರು ಇಲ್ಲ. ಹಾಗಾಗಿ ಟೂರ್‌ನವರ ಅರ್ಧಕ್ಕೆ ಇದನ್ನು ಹೋಲಿಸಿ ಬೀಗೋ ಹಾಗಿಲ್ಲ.

ಬೇಸಿಗೆ ರಜೆಗೆ ಕಂಪ್ಲಿಯಿಂದ ಅಕ್ಕನ ಮಗಳು ಬಂದಿದ್ದಳು. ಹತ್ತು ವರ್ಷ. ಓಣಿಯಲ್ಲಿ ಗೋಲಿ ಆಡಿ ಹುಡುಗರ ಜೇಬು ಖಾಲಿ ಮಾಡೋಳು. ಪಟರ್ ಅವಳಿಗೆ ಉದ್ದ, ಕೆಳಗೆ ಹಿಡ್ಕೋ ಅಂದೆ. ಎರಡು ದಿನ ಸೆಲ್‌ಗಳನ್ನು ಬೀಳಿಸಿದಳು. ಮೂರನೇ ದಿನ ಬಾಗಿಲು ದಾಟಿಸಿದಳು. ವೇಗದ ಆಟದಲ್ಲಂತೂ ನನ್ನನ್ನು ಮೊದಲ ಬೆಳಿಗ್ಗೆಯೇ ಸೋಲಿಸಿದಳು. ಗೋಲಿಯನ್ನು ಎಷ್ಟು ದೂರಕ್ಕೆ ಎಷ್ಟು ಚಿಮ್ಮಬೇಕು ಅನ್ನೋದು ಅವಳ ಬೆರಳಿಗೆ ಗೊತ್ತಿತ್ತು, ಅದೇ ಭುಜಕ್ಕೆ ಇಳಿದಿರಬೇಕು. "ಮಾಮ, ಖರೇ ಹುಲ್ಲಿನ ಮ್ಯಾಲೆ ಹಿಂಗ ಹೋಗತೈತೇನು?" ಅಂತ ಕೇಳಿದಳು. ಹೌದು ಅಂದೆ. "ಅದು ಎಲ್ಲೈತಿ?"

ಅಕ್ಕ-ಭಾವನಿಗೆ ಹೊಲದ ಕೆಲಸ. ಬೆಂಗಳೂರು ರಾತ್ರಿ ಪೂರ್ತಿ ರೈಲಿನ ದಾರಿ, ಅಲ್ಲಿ ಯಾವ ಗ್ರೀನ್ ಮೇಲೆ ಯಾರು ಬಿಡ್ತಾರೆ ಅಂತ ವಿಚಾರಿಸಬೇಕು. ಪಟರ್‌ನ ಹಿಡಿ ಒಂದು ಗೇಣು ಕತ್ತರಿಸಿ ಅವಳಿಗೇ ಕೊಟ್ಟು ಕಳಿಸಿದೆ, ನಾನು ಇನ್ನೊಂದು ತಗೊಂಡೆ. ಭಾನುವಾರ ರಾತ್ರಿ ಅಕ್ಕನ ಫೋನಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಬರೀ ಒಂದು ಅಂಕಿ ಬರುತ್ತೆ. ಹೋದ ವಾರ ಹನ್ನೊಂದು, ಈ ವಾರ ಹದಿನಾಲ್ಕು. ದಸರೆ ರಜೆಗೆ ಎರಡು ಟಿಕೆಟ್ ನೋಡ್ತಿದ್ದೀನಿ.